ನೆಲಕ್ಕಿಡಬಾರದ ಗಂಟು

ನಮ್ಮ ಪಡಸಾಲೆಯ ಗೂಟದಲ್ಲಿ ಒಂದು ಗಂಟು ತೂಗುತ್ತಿದೆ. ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ್ದು. ಗಾತ್ರದಲ್ಲಿ ಸುಲಿದ ತೆಂಗಿನಕಾಯಿಯಷ್ಟಿದ್ದರೂ ತೂಕವೇ ಇಲ್ಲ. ಹೋದ ಸಂತೆಯ ದಿನ ದೊಡ್ಡವ್ವನ ಸೊಸೆ ಅದನ್ನು ಹುಬ್ಬಳ್ಳಿಗೆ ಒಯ್ಯಲೆಂದು ನನ್ನ ಕೈಗೆ ಕೊಡಲು ತಂದಿದ್ದಳು. ನಾನು ಕೈ ಚಾಚಲಿಲ್ಲ. ಮೊದಲು ಸೊಂಟನೋವಿನ ಮಾತೆತ್ತಿದೆ. ಆಮೇಲೆ ರೈಲಿನ ಗದ್ದಲ, ಪರಸ್ಥಳದ ನೀರು, ನನಗೆ ಒಗ್ಗದ ಊಟ. ಆಕೆ ಎಲ್ಲವನ್ನೂ ನಿಂತೇ ಕೇಳಿದಳು. ಕೂಡು ಅಂದರೆ ಕೂಡಲಿಲ್ಲ, ಗಂಟನ್ನು ಜಗಲಿಯ ಮೇಲಾದರೂ ಇಡು ಅನ್ನುವುದಕ್ಕೆ ನನಗೇ ಬಾಯಿ ಬರಲಿಲ್ಲ, ಯಾಕೆಂದರೆ ಅದನ್ನು ಇಡುವಂತಿಲ್ಲವೆಂದು ನನಗೂ ಗೊತ್ತು. ಕೊನೆಗೆ ತಾನೇ ಗೂಟ ಹುಡುಕಿ ತೂಗುಹಾಕಿ, "ವಿಚಾರ ಮಾಡ್ರಿ ಮಾವಾರ. ಬರೋ ಸಂತಿ ದಿನ ಬರ್ತೀನಿ. ಒಲ್ಲೆ ಅಂದ್ರ ವಾಪಸ್ ಒಯ್ತೀನಿ" ಅಂದು ಹೋದಳು.

ಅಂದಿನಿಂದ ನಾನು ಆ ಗೂಟದ ಕೆಳಗೆ ಕೂಡುವುದನ್ನು ಬಿಟ್ಟಿದ್ದೇನೆ. ಗೂಟ ಸಡಿಲಾಗಿ ಗಂಟು ಬಿದ್ದೀತೆಂದು ದಿನಕ್ಕೆ ಹತ್ತು ಸಲ ಅಲುಗಾಡಿಸಿ ನೋಡುತ್ತೇನೆ. ಹೀಗೆ ಅಲುಗಾಡಿಸಿದರೇ ಸಡಿಲಾಗುತ್ತದೆ ಎಂದು ನನ್ನ ಹೆಂಡತಿ ಅನ್ನುತ್ತಾಳೆ. ಈಗ ಆ ಚಿಂತೆಯೂ ಸೇರಿದೆ.

ದೊಡ್ಡವ್ವ ತೀರಿಕೊಂಡು ತಿಂಗಳಾಯಿತು. ಆಕೆ ನನಗೆ ರಕ್ತಸಂಬಂಧಿಯಲ್ಲ. ಕುಷ್ಟಗಿಯ ನಮ್ಮ ನೇಕಾರ ಓಣಿಗೆಲ್ಲ ಆಕೆ ದೊಡ್ಡವ್ವ. ಓಣಿಯ ಗಂಡಸರೆಲ್ಲ ಆಕೆಗೆ ತಮ್ಮಂದಿರು. ನನ್ನನ್ನು ಬೇರೆಯವರಿಂದ ವಿಂಗಡಿಸಲು 'ಅರ್ಜಿ ತಮ್ಮ' ಅನ್ನುತ್ತಿದ್ದಳು. ನಮ್ಮಪ್ಪ ನೇಕಾರ, ಅಜ್ಜ ನೇಕಾರ. ಕುಣಿಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟರೆ ಕೆಳಗೆ ಚೇಳು ಇದ್ದೀತು ಎಂಬ ಹೆದರಿಕೆಯಿಂದ ಕಸುಬು ಬಿಟ್ಟು, ಆಗಿನ ನಿಜಾಮರ ಸರಕಾರದ ಭಾಷೆ ಉರ್ದು ಕಲಿತು, ತಹಸೀಲ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಮಂದಿಯ ಅರ್ಜಿ ಬರೆಯಲು ಕುಳಿತವನು ನಾನು. ಆ ಗಿಡದ ಬೇರಿನಲ್ಲಿ ಚೇಳು ಇದ್ದವು. ಅದು ಬೇರೆ ಮಾತು.

ದೊಡ್ಡವ್ವ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡವಳು. ಒಬ್ಬ ಮಗ. ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುವುದು ಆಕೆಯ ದುಡಿಮೆ. ಸುತ್ತಿ ಸುತ್ತಿ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಗೀರು ಬಿದ್ದಿತ್ತು. ಯಾರಾದರೂ ಒಂದು ಕೆಲಸ ಹೇಳಿದರೆ, ಒಂದು ಮಾತು ಕೇಳಿದರೆ, ತಟ್ಟನೆ ಹೂಂ ಅನ್ನುವವಳಲ್ಲ. ಬಲಗೈ ಕಣ್ಣಿನ ಹತ್ತಿರ ತಂದು ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ತುಂಬಿದ ಗಾಡಿಯಲ್ಲಿ ಇನ್ನೊಂದು ಚೀಲ ಹಿಡಿಸೀತೇ ಎಂದು ನೋಡುತ್ತಾರಲ್ಲ, ಹಾಗೆ. "ತಡಿ, ಜಾಗ ಐತೇನ ನೋಡ್ತೀನಿ" ಅನ್ನುತ್ತಿದ್ದಳು. ಜಾಗ ಇಲ್ಲವೆಂದರೆ ಇಲ್ಲ. ಇದೆಯೆಂದರೆ ಆ ಕೆಲಸ ಆಯಿತು ಅಂತಲೇ.

ಆಕೆಗೆ ಯಾತ್ರೆಯ ಗೀಳಿತ್ತು. ಸುಗ್ಗಿ ಮುಗಿದು ಮದುವೆಗಳು ಸುರುವಾಗುವ ಮುಂಚಿನ ಬಿಡುವಿನಲ್ಲಿ ಒಂದು ವರ್ಷ ಶ್ರೀಶೈಲ, ಒಂದು ವರ್ಷ ಪಂಢರಪುರ, ಕಾಲ್ನಡಿಗೆಯಲ್ಲೇ. ನಮ್ಮ ಕಡೆ ಒಬ್ಬರು ಯಾತ್ರೆಗೆ ಹೊರಟರೆ ಓಣಿಗೆ ಓಣಿಯೇ ಹೊರಟಂತೆ. ಹೊರಡುವವಳು ಮನೆಮನೆಗೆ ಹೋಗಿ ಹೇಳಬೇಕು. ಮನೆಯವರು ದಾರಿಗೆಂದು ಒಂದು ಬೊಗಸೆ ಜೋಳ ಹಾಕುತ್ತಾರೆ. ದೇವರಿಗೆಂದು ಏನಾದರೂ ಕೊಡುತ್ತಾರೆ. ಕಾಸಿಲ್ಲದ ಮನೆಯವರು ಒಂದು ಎಳೆ ನೂಲಿಗೆ ಗಂಟು ಹಾಕಿ ಕೊಟ್ಟು, ತಮ್ಮ ಬೇಡಿಕೆಯನ್ನು ಕಿವಿಯಲ್ಲಿ ಹೇಳುತ್ತಾರೆ. ಹೀಗೆ ಕೈಯಲ್ಲಿ ತಗೊಂಡದ್ದನ್ನು ಮುಟ್ಟಿಸುವ ತನಕ ನೆಲಕ್ಕಿಡುವಂತಿಲ್ಲ. ಮುಟ್ಟಿಸಿ ಬಂದಮೇಲೆ ಕೊಟ್ಟ ಪ್ರತಿ ಮನೆಗೂ ಪ್ರಸಾದ ಹಂಚಬೇಕು. ಹೊತ್ತವರು ನಡುದಾರಿಯಲ್ಲಿ ನಿಂತುಹೋದರೆ ಇನ್ನೊಬ್ಬರ ಕೈಗೆ, ಕೈಯಿಂದ ಕೈಗೆ, ದಾಟಿಸಬೇಕು. ಒಂದು ವರ್ಷ ಶ್ರೀಶೈಲದ ಕಾಡಿನ ಇಳಿಜಾರಿನಲ್ಲಿ ಜೊತೆಯ ಮುದುಕಿಯೊಬ್ಬಳು ಜ್ವರ ಬಂದು ತೀರಿಕೊಂಡಳು. ದೊಡ್ಡವ್ವ ಅವಳ ಗಂಟನ್ನೂ ಕೊರಳಿಗೆ ಹಾಕಿಕೊಂಡು, ಎರಡೂ ನೆಲ ಮುಟ್ಟಬಾರದೆಂದು ರಾತ್ರಿಯೆಲ್ಲ ಮರಕ್ಕೆ ಒರಗಿ ಕುಳಿತೇ ನಿದ್ದೆ ಮಾಡಿ, ಬೆಟ್ಟ ಮುಟ್ಟಿ ಬಂದಳು. ಆ ಮುದುಕಿಯ ಊರು ಯಲಬುರ್ಗಿಯ ಆಚೆ. ಅಲ್ಲಿಗೂ ಹೋಗಿ, ಗುರುತಿಲ್ಲದ ಮನೆಗಳಿಗೆಲ್ಲ ಪ್ರಸಾದ ಕೊಟ್ಟು ಬಂದಳು. ಇಷ್ಟೊಂದು ತೊಂದರೆ ಯಾಕೆ ತಗೊಂಡೆ ಎಂದು ನಾನು ಕೇಳಿದ್ದಕ್ಕೆ, "ಹೋಗದವರದ ಯಾತ್ರಿ ದೊಡ್ಡದು ತಮ್ಮಾ. ಅವರು ಮನಿಯಾಗ ಕುಂತು ನಮ್ಮ ಕಾಲಿಲೆ ನಡೀತಿರ್ತಾರ" ಅಂದಿದ್ದಳು.

ಯುದ್ಧದ ವರ್ಷಗಳಲ್ಲಿ ನೂಲು ಮಾಯವಾಯಿತು. ಗಿರಣಿಯ ನೂಲು ಫೌಜಿನ ಬಟ್ಟೆಗೆ ಹೋಗುತ್ತದೆ ಎಂದರು. ಉಳಿದದ್ದಕ್ಕೆ ಸರಕಾರದ ಕಂಟ್ರೋಲು ಬಂತು. ಕಂಟ್ರೋಲಿಗೆ ಬಂದದ್ದು ಸಾಹುಕಾರರ ಕತ್ತಲೆ ಕೋಣೆಗೆ ಹೋಯಿತು. ನಮ್ಮ ಓಣಿಯಲ್ಲಿ ಹಗಲು ಹೊತ್ತು ಲಾಳಿಯ ಸಪ್ಪಳವಿಲ್ಲದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಆಗ. ಮನೆಗೊಬ್ಬರಂತೆ ಸೊಲ್ಲಾಪುರದ ಗಿರಣಿಗಳಿಗೆ ಹೊರಟರು. ಮಗ್ಗದ ಕುಣಿಗಳಲ್ಲಿ ಕೋಳಿ ಮೊಟ್ಟೆಯಿಡತೊಡಗಿದವು.

ಅಂಥದ್ದರಲ್ಲಿ ಹೈದರಾಬಾದಿನಲ್ಲಿ ನೇಕಾರರ ಪರಿಷತ್ತು ನಡೆಯುತ್ತದೆ, ನೂಲು ಹಂಚುವ ದೊಡ್ಡ ಅಧಿಕಾರಿಗಳೂ ಬರುತ್ತಾರೆ ಎಂಬ ಸುದ್ದಿ ಬಂತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ನಾಲ್ಕೂ ಕಡೆಯ ನೇಕಾರ ಸಂಘಗಳು ಊರಿಗಿಬ್ಬರಂತೆ ಕಳಿಸಬೇಕೆಂದು ತೀರ್ಮಾನವಾಯಿತು. ಉರ್ದು ಬಲ್ಲವನೆಂದು ನನ್ನನ್ನೂ ಸೇರಿಸಿಕೊಂಡರು. ನನ್ನ ಪ್ರಕಾರ ಇದು ನಾನು ಉರ್ದು ಕಲಿತದ್ದಕ್ಕೆ ಸಿಕ್ಕ ಶಿಕ್ಷೆ.

ಹೋಗಲು ಖರ್ಚು ಬೇಕಲ್ಲ. ನಾನು ಒಂದು ಮನವಿ ಬರೆದೆ. 'ನಾಡಿನ ಸಮಸ್ತ ಮಹನೀಯರಲ್ಲಿ' ಎಂದು ಸುರುವಾಗಿ ಉಸಿರು ತಗೊಳ್ಳಲು ಎಲ್ಲೂ ಜಾಗ ಬಿಡದಂಥ ಮನವಿ. ಅದನ್ನು ಹಿಡಿದು ಸಂಘದ ಗಂಡಸರು ಊರೂರಿನ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿದರು. ಸಲಹೆ ಬೇಕಾದಷ್ಟು ಸಿಕ್ಕಿತು. ಪರಿಷತ್ತು ಅಂದರೇನು ಎಂದು ಕೇಳಿದವರಿಗೆ ನಾನು ವಿವರಿಸಿದೆ. ವಿವರಿಸಿದ ಮೇಲೆ ಅವರು ಮೊದಲು ಕೊಡಬೇಕೆಂದಿದ್ದನ್ನೂ ಒಳಗೆ ಇಟ್ಟುಕೊಂಡರು. ಕಡೆಗೆ ಒಬ್ಬ ನೂಲಿನ ಸಾಹುಕಾರ ಹೇಳಿಕಳಿಸಿದ. ಎಲ್ಲರ ರೈಲಿನ ಖರ್ಚು, ಊಟದ ಖರ್ಚು ತನ್ನದು. ಮುಂದಾಳಾಗಿ ತನ್ನ ಅಳಿಯ ಬರುತ್ತಾನೆ, ಅಷ್ಟೇ.

ಸಂಘದ ಸಭೆ ಕೂಡಿದ್ದು ದೊಡ್ಡವ್ವನ ಮನೆಯ ಪಡಸಾಲೆಯಲ್ಲಿ, ಅಲ್ಲಿ ಮಗ್ಗ ಮಾರಿ ಜಾಗ ಖಾಲಿಯಾಗಿತ್ತು. ಎಲ್ಲರಿಗೂ ಸಾಹುಕಾರನ ಮಾತು ಹಿಡಿಸಿತ್ತು. ನನಗಂತೂ ದೇವರೇ ದಾರಿ ತೋರಿಸಿದಂತಾಗಿತ್ತು. ಮೂಲೆಯಲ್ಲಿ ರಾಟೆಯ ಮುಂದೆ, ಸುತ್ತಲು ನೂಲಿಲ್ಲದಿದ್ದರೂ ರೂಢಿಯಿಂದ ಕುಳಿತಿದ್ದ ದೊಡ್ಡವ್ವ ತಲೆಯೆತ್ತದೆ ಕೇಳಿದಳು: "ನೂಲು ಬಚ್ಚಿಟ್ಟಾಂವ ಗಾಡಿ ಹೂಡಿ ಕೊಟ್ರ, ಆ ಗಾಡಿ ಎಲ್ಲಿಗೆ ಹೋಗ್ತೈತಿ?"

ಹಾಗಾದರೆ ನೀನೇ ದುಡ್ಡು ಎತ್ತಿಕೊಡು ಎಂದು ಸಂಘದ ಹಿರಿಯ ಕುಟುಕಿದ. ಆತ ಅದನ್ನು ಕುಚೋದ್ಯಕ್ಕೆ ಅಂದದ್ದು. ದೊಡ್ಡವ್ವ ಅಂಗೈ ನೋಡಿಕೊಂಡಳು. ಬಹಳ ಹೊತ್ತು ನೋಡಿಕೊಂಡಳು. ಆಮೇಲೆ, "ಪರಿಷತ್ತು ಅಂದ್ರ ಯಾರಿಗೂ ತಿಳೀವಲ್ದು. ಯಾತ್ರಿ ಅಂತ ಹೇಳ್ತೀನಿ. ಆದ್ರ ಕೈಯಾಗ ತಗೊಂಡಾಕಿ ನಾನs ಮುಟ್ಟಿಸಬೇಕು. ನಾನೂ ಬರ್ತೀನಿ" ಅಂದಳು.

ಹೆಂಗಸು ಪರಿಷತ್ತಿಗೆ ಬರುವುದೇ ಎಂಬ ಗದ್ದಲವಾಯಿತು. ಆದರೆ ಬೇರೆ ದಾರಿ ಯಾರಿಗೂ ತೋಚಲಿಲ್ಲ. ನನಗೆ ಮಾತ್ರ ಬೇರೊಂದು ಚಿಂತೆ ಹತ್ತಿತು. ಯಾತ್ರೆ ಎಂದು ಹೇಳಿ ಎತ್ತಿದರೆ ಮಂದಿ ಪ್ರಸಾದ ಕೇಳುತ್ತಾರೆ, ಪರಿಷತ್ತಿನಿಂದ ಏನು ಪ್ರಸಾದ ತರುತ್ತೀ ಎಂದು ಕೇಳಿದೆ. ಆಕೆ ನನ್ನನ್ನು ದಿಟ್ಟಿಸಿ, "ನಿನ್ನ ಹೊಟ್ಟಿಯಾಗ ಇರೋ ಅಂಜಿಕಿಗೆಲ್ಲಾ ಬಾಡಗಿ ಹಚ್ಚಿದ್ರ ಇಷ್ಟರಾಗ ನೀ ಸಾಹುಕಾರ ಆಗಿರ್ತಿದ್ದಿ" ಅಂದಳು. ಎಲ್ಲರೂ ನಕ್ಕರು. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಸಿಗಲಿಲ್ಲ. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಚಿಂತೆಗಳಲ್ಲಿ ನಿಜವಾದದ್ದು ಅದೊಂದೇ.

ಆಕೆ ತಿರುಗಿದ ರೀತಿ ನೋಡಬೇಕಿತ್ತು. ಕುಷ್ಟಗಿ ಮುಗಿಸಿ ಹನುಮಸಾಗರ, ಅಲ್ಲಿಂದ ಯಲಬುರ್ಗಿ, ಕೊಪ್ಪಳ, ಕಡೆಗೆ ಗಂಗಾವತಿಯ ಕಡೆ ನವಲಿಯ ತನಕ. ಬೆಳಗಿನಲ್ಲಿ ಹೆಂಗಸರು ಬೀಸುವ ಹೊತ್ತಿಗೆ ಬಾಗಿಲಿಗೆ ಹೋಗುತ್ತಿದ್ದಳು. ಕೈಗೆ ಸಿಗುವಂತೆ ಕಾಳು ಹತ್ತಿರವೇ ಇರುವ ಹೊತ್ತು ಅದು. ಜೋಳದ ಚೀಲ ಹೊರುವುದು ಸಂಘದ ಗಂಡಸರ ಪಾಳಿ. ನಾನು ಬಗಲಲ್ಲಿ ಕಾಗದ ಇಟ್ಟುಕೊಂಡು ಹಿಂದೆ. ಜೋಳ ಸಂತೆಯಲ್ಲಿ ಮಾರಿ ದಾರಿಯ ಖರ್ಚಿಗೆ. ನೂಲಿನ ಎಳೆಗಳು ದೊಡ್ಡವ್ವನ ಕೊರಳಿನ ಗಂಟಿಗೆ. ಮನೆಯವಳು ಎಳೆಗೆ ಗಂಟು ಹಾಕಿ ಕಿವಿಯಲ್ಲಿ ಮಾತು ಹೇಳುತ್ತಿದ್ದಳು. ದೊಡ್ಡವ್ವ ಅದನ್ನು ನನಗೂ ಕೇಳುವಂತೆ ತಿರುಗಿ ಒಂದು ಸಲ ಅನ್ನುತ್ತಿದ್ದಳು. ಬರೆದುಕೊಳ್ಳಲೇ ಎಂದರೆ ಬೇಡ ಅಂದಳು. "ಬರದ್ರ ನೀ ಮರೀತಿ."

ಹೆಚ್ಚಿನವರ ಮಾತು ಒಂದೇ, ನೂಲು. ಆದರೆ ಒಬ್ಬೊಬ್ಬರು ಒಂದೊಂದು ಥರ ಅನ್ನುತ್ತಿದ್ದರು. ಹನುಮಸಾಗರದಲ್ಲಿ ಒಬ್ಬಳು, ಮಗಳ ಮದುವೆಗೆ ಪರರು ನೇಯ್ದ ಸೀರೆ ಕೊಳ್ಳುವ ಗತಿ ಬಂತಲ್ಲ ಎಂದು ಹೇಳಿ ಎಂದಳು. ಯಲಬುರ್ಗಿಯಲ್ಲಿ ಒಬ್ಬ ಕುರುಡು ಮುದುಕ, ಮಗ್ಗದ ಸಪ್ಪಳವಿಲ್ಲದೆ ತನಗೆ ಹೊತ್ತು ಎಷ್ಟಾಯಿತು ತಿಳಿಯುವುದಿಲ್ಲ, ಅದನ್ನೊಂದು ಹೇಳಿ ಎಂದ. ನೇಕಾರರಲ್ಲದ ಒಕ್ಕಲಿಗರ ಹೆಂಗಸೊಬ್ಬಳು ಬೊಗಸೆ ಜೋಳ ಹಾಕಿ, ನೂಲಿಲ್ಲವೆಂದು ತನ್ನ ಸೆರಗಿನ ಅಂಚಿನಿಂದಲೇ ಒಂದು ಎಳೆ ಹಿರಿದು ಕೊಟ್ಟಳು. ಪೇಟೆಯಲ್ಲಿ ನನ್ನ ಮನವಿಗೆ ಬಾಗಿಲು ಹಾಕಿಕೊಂಡ ಊರುಗಳೇ ಇವು.

ಯಲಬುರ್ಗಿಯಲ್ಲಿ ಪೊಲೀಸ್ ಅಮೀನರು ತಡೆದರು. ಆಗ ನಾಲ್ಕು ಜನ ಕೂಡಿದರೆ ಇಜಾಜತ್, ಅಂದರೆ ಸರಕಾರದ ಪರವಾನಗಿ, ಇದೆಯೇ ಎಂದು ಕೇಳುವ ಕಾಲ. ನಾನು ನನ್ನ ಉರ್ದುವಿನಲ್ಲಿ ಅತ್ಯಂತ ಉದ್ದದ ವಾಕ್ಯವೊಂದನ್ನು ಸುರುಮಾಡಿ ನಡುವೆ ಸಿಕ್ಕಿಹಾಕಿಕೊಂಡೆ. ಅಮೀನರು ನನ್ನನ್ನು ಬಿಟ್ಟು ದೊಡ್ಡವ್ವನ ಕೊರಳಿನ ಗಂಟಿಗೆ ಬೆರಳು ತೋರಿಸಿದರು. ಯಾತ್ರೆಯ ಕಾಣಿಕೆ ಅಂದಳು. ಯಾವ ದೇವರಿಗೆ ಎಂದರು. "ಇನ್ನೂ ಕಂಡಿಲ್ರಿ ಸಾಹೇಬ್ರ. ಕಂಡ ಮ್ಯಾಲೆ ಹೇಳ್ತೀನಿ" ಅಂದಳು. ಉರುಸಿಗೆ ಹೋಗುವವರ ಕೈಯಲ್ಲಿ ತಮ್ಮ ತಾಯಿಯೂ ಹೀಗೆಯೇ ಎಳೆ ಕಟ್ಟಿ ಕಳಿಸುತ್ತಿದ್ದರೆಂದು ನನಗೆ ಹೇಳಿ, ದಾರಿ ಬಿಟ್ಟರು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಕಡೆಯ ಮನೆ ನವಲಿಯದು. ಅಲ್ಲಿಗೆ ಮುಗಿಯಿತೆಂದು ನಾವು ಊರು ದಾಟಿದ್ದೆವು. ಹಿಂದಿನಿಂದ ಒಬ್ಬಳು ಹರೆಯದ ಹೆಂಗಸು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿಬಂದಳು. ಮಗ್ಗ ನಿಂತ ಮನೆಯೆಂದು ತನ್ನನ್ನು ಬಿಟ್ಟು ಬಂದಿರಾ ಎಂದು ಜಗಳ ತೆಗೆದಳು. ಅವಳ ಗಂಡ ಸೊಲ್ಲಾಪುರಕ್ಕೆ ಹೋಗಿ ಎರಡು ದೀಪಾವಳಿ ಕಳೆದಿದ್ದವು. ಗಂಟು ಹಾಕಿದ ಎಳೆ ಕೊಟ್ಟು, ಕಿವಿಯಲ್ಲಲ್ಲ, ಗಟ್ಟಿಯಾಗಿಯೇ ಹೇಳಿದಳು: "ನೂಲು ಕೊಟ್ರ ಮಗ್ಗ ನಡೀತೈತಿ. ಮಗ್ಗ ನಡದ್ರ ಅಂವ ಬರ್ತಾನ. ಹಿಂಗ ಅಂತ ಹೇಳ್ರಿ." ಕೊನೆಗೆ ಬಂದದ್ದರಿಂದ ಅವಳ ಎಳೆ ಎಲ್ಲಕ್ಕಿಂತ ಮೇಲೆ ಕೂತಿತು.

ಹೊರಟೆವು. ಇದ್ದಿಲಿನ ಹೊಗೆ ಕುಡಿದು ಓಡುವ ಯುದ್ಧಕಾಲದ ಬಸ್ಸು ಹಿಟ್ನಾಳದಲ್ಲಿ ಕೆಟ್ಟು ನಿಂತಿತು. ಗಂಗಾವತಿಯವರು ಅಲ್ಲಿಯೇ ಕಾದಿದ್ದರು. ಎಲ್ಲರೂ ಸೇರಿ ಎತ್ತಿನ ಗಾಡಿಯಲ್ಲಿ ಕೊಪ್ಪಳ ಸ್ಟೇಷನ್ನಿಗೆ ಬಂದೆವು. ರೈಲು ತಪ್ಪುತ್ತದೆ ಎಂದು ನಾನು ದಾರಿಯುದ್ದಕ್ಕೂ ಅಂದದ್ದಕ್ಕೆ ಗಾಡಿಯವನು ನನ್ನನ್ನು ಇಳಿಸಿ ನಡೆಸಿದ. ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ದೊಡ್ಡವ್ವ ನೀರು ಕುಡಿದು ಬರುತ್ತೇನೆಂದು ಕೊರಳಿನ ಗಂಟು ತೆಗೆದು ನನ್ನ ಕೈಗೆ ಕೊಟ್ಟಳು. ನೂಕುನುಗ್ಗಲು. ಫೌಜಿನ ಸಿಪಾಯಿಗಳು, ಪೆಟ್ಟಿಗೆಗಳು. ಯಾರದೋ ಮೊಣಕೈ ತಗುಲಿ ಇದು ನೆಲಕ್ಕೆ ಬಿದ್ದರೆ ಎಂದು ನಾನು ಗಂಟನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು ನಿಂತುಬಿಟ್ಟೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ನನ್ನ ಸ್ವಂತ ಚೀಲವನ್ನು ಯಾರೋ ಒಯ್ದರು. ಅದೂ ಗೊತ್ತಾಗಲಿಲ್ಲ. ದೊಡ್ಡವ್ವ ನಳದ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದಳಂತೆ. ಬಂದು ಗಂಟು ಇಸಕೊಂಡಳು. ನಗಲಿಲ್ಲ. ಸಂಘದ ಉಳಿದವರು ಆ ಕೊರತೆ ತುಂಬಿದರು.

ಪರಿಷತ್ತು ದೊಡ್ಡ ಮಂಟಪದಲ್ಲಿ. ಜಮಖಾನ, ಕುರ್ಚಿ, ಮೇಜಿನ ಮೇಲೆ ಹೂವಿನ ಹಾರ. ದೊಡ್ಡ ಊರುಗಳ ಸಂಘದವರು ಒಬ್ಬರಾದ ಮೇಲೊಬ್ಬರು ಮಾತಾಡಿದರು. ಒಳ್ಳೆಯ ಭಾಷಣಗಳೇ, ಸುಳ್ಳು ಯಾಕೆ ಹೇಳಲಿ. ನಮ್ಮ ಸರದಿ ಮೊದಲ ದಿನ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಹೊತ್ತು ಇಳಿದಮೇಲೆ ಅಧ್ಯಕ್ಷರು ಎದ್ದು ಮುಗಿಸುವ ಮಾತು ಸುರುಮಾಡಿದಾಗ ನಮ್ಮ ಮುಂದಾಳಾಗಿ ಬಂದಿದ್ದ ಸಂಘದ ಹಿರಿಯ, ಹೋಗಲಿ ಬಿಡು, ಹಾಜರಿ ಆಯಿತಲ್ಲ ಎಂಬಂತೆ ರುಮಾಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ದೊಡ್ಡವ್ವ ಎದ್ದಳು. ನಡುದಾರಿಯಲ್ಲಿ ನಡೆದು ಮೇಜಿನ ಮುಂದೆ ನಿಂತು, ಗಂಟು ಬಿಚ್ಚಿ, ಮೇಲಿನ ಎಳೆ ಹಿಡಿದು, "ಇದು ನವಲಿದು" ಅಂದಳು. ಆಮೇಲೆ ನನ್ನತ್ತ ತಿರುಗಿದಳು.

ನಮ್ಮವರಲ್ಲಿ ಉರ್ದು ಬಲ್ಲವನು ನಾನೊಬ್ಬನೇ. ಹೇಗೆ ಅಲ್ಲಿಯ ತನಕ ಹೋದೆನೋ ತಿಳಿಯದು. ಆಕೆ ಹೇಳಿದಳು, ನಾನು ತಿರುಗಿಸಿ ಹೇಳಿದೆ. ನೂಲು ಕೊಟ್ಟರೆ ಮಗ್ಗ ನಡೆಯುತ್ತದೆ, ಮಗ್ಗ ನಡೆದರೆ ಅವನು ಬರುತ್ತಾನೆ. ಉರ್ದುವಿನಲ್ಲಿ ಅದನ್ನು ಉದ್ದ ಮಾಡಲು ಎಲ್ಲಿಯೂ ಜಾಗವಿರಲಿಲ್ಲ. ಅಧಿಕಾರಿಯೊಬ್ಬರು ತಲೆದೂಗಿದ್ದನ್ನು ನಾನು ಕಂಡೆ. ದೊಡ್ಡವ್ವ ಆ ಎಳೆಯನ್ನು ಮೇಜಿನ ಮೇಲೆ ಇಟ್ಟು ಎರಡನೆಯದಕ್ಕೆ ಕೈ ಹಾಕಿದಳು. ಆಗ ಗಂಟೆ ಬಾರಿಸಿದರು. ಅಧ್ಯಕ್ಷರು ಕೈಮುಗಿದು, ಸೌಜನ್ಯದಿಂದಲೇ, ರೈಲಿಗೆ ಹೋಗುವವರಿದ್ದಾರೆ, ಉಳಿದದ್ದನ್ನು ಬರೆದು ಕೊಡಿ ಎಂದರು.

ನಾನದನ್ನು ದೊಡ್ಡವ್ವನಿಗೆ ಹೇಳಿದೆ. ಆಕೆ ಕೇಳಿದಳು: "ತಮ್ಮಾ, ಬರದಿದ್ದು ಓದ್ತಾರೇನ?"

ಇಪ್ಪತ್ತು ವರ್ಷ ಬೇವಿನ ಗಿಡದ ಕೆಳಗೆ ಕುಳಿತು ಅರ್ಜಿ ಬರೆದು ಹೊಟ್ಟೆ ಹೊರೆದವನಿಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ನನ್ನ ಕಸುಬು ಉಳಿಯುತ್ತಿರಲಿಲ್ಲ.

"ಓದಂಗಿಲ್ಲ ದೊಡ್ಡವ್ವಾ" ಅಂದೆ.

ಆಕೆ ತಲೆಯಾಡಿಸಿದಳು. ಉಳಿದ ಎಳೆಗಳನ್ನು ಒಂದೂ ಬೀಳದಂತೆ ಮತ್ತೆ ಕಟ್ಟಿದಳು. ಮೇಜಿನ ಹಾರದಿಂದ ಉದುರಿದ್ದ ಒಂದು ಚೆಂಡುಹೂವನ್ನು ಕೇಳಿ ತಗೊಂಡು ಸೆರಗಿನ ತುದಿಗೆ ಬೇರೆಯಾಗಿ ಕಟ್ಟಿಕೊಂಡಳು.

ಮರಳುವ ದಾರಿಯಲ್ಲಿ ಸಂಘದವರು ಒಂದು ಯೋಜನೆ ಮಾಡಿದರು. ಇಲ್ಲಿಯೇ ಒಂದಿಷ್ಟು ಸಕ್ಕರೆ, ಕುಂಕುಮ ಕೊಂಡು ಮನೆಮನೆಗೆ ಹಂಚಿದರಾಯಿತು, ಪರಿಷತ್ತು ಛಲೋ ಆಯಿತು, ಠರಾವು ಪಾಸಾಯಿತು ಎಂದು ಹೇಳಿದರಾಯಿತು. ಠರಾವು ಪಾಸಾದದ್ದು ಸುಳ್ಳೂ ಅಲ್ಲ. ನನಗೂ ಅದು ಸರಿಯೆನಿಸಿತು. ಮಂದಿ ಖಾಲಿ ಕೈ ನೋಡಿ ಏನಂದಾರು ಎಂದು ನಾನು ಹೈದರಾಬಾದಿನಿಂದ ರಾಯಚೂರಿನ ತನಕ ನಿದ್ದೆಗೆಟ್ಟಿದ್ದೆ. ದೊಡ್ಡವ್ವ ಕಿಟಕಿಯ ಹೊರಗೆ ನೋಡುತ್ತ, "ಮುಟ್ಟಿಸಲಾರದ್ದಕ್ಕ ಪ್ರಸಾದ ಎಲ್ಲಿದು?" ಅಂದಳು. ಅಷ್ಟೇ.

ಮೊದಲು ನವಲಿಗೇ ಹೋದಳು. ಆ ಹೆಂಗಸಿನ ಕೈಯಲ್ಲಿ ಒಣಗಿದ ಚೆಂಡುಹೂವು ಇಟ್ಟು, ನಿನ್ನ ಮಾತು ಮುಟ್ಟಿತು ಅಂದಳು. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗಿ ಮಗ್ಗದ ಹಲಗೆಯ ಮೇಲಿಟ್ಟಳು. ಅವಳ ಗಂಡ ಬರಲಿಲ್ಲ. ಈ ಮಾತು ಬರೆಯಬಾರದೆಂದುಕೊಂಡಿದ್ದೆ. ಆದರೆ ದೊಡ್ಡವ್ವನ ವಿಷಯ ಬರೆಯುತ್ತ ಸಕ್ಕರೆ ಹಂಚುವುದು ಸರಿಯಲ್ಲ.

ಉಳಿದ ಮನೆಗಳಿಗೂ ಹೋದಳು. ಒಂದನ್ನೂ ಬಿಡಲಿಲ್ಲ. ಹೊಸ್ತಿಲ ಹೊರಗೆ ನಿಂತು ಪ್ರತಿ ಮನೆಯಲ್ಲೂ ಅದೇ ಮಾತು: "ನಿಮ್ಮ ಮಾತು ಮುಟ್ಟಿಲ್ಲ. ನನ್ನ ಕೈಯಾಗ ಐತಿ. ವಾಪಸ್ ತಗೋತೀರೋ, ಇರ್ಲಿ ಅಂತೀರೋ?" ಕೆಲವರು ಬೈದರು. ಹನುಮಸಾಗರದಲ್ಲಿ ಒಬ್ಬ, ನಮ್ಮ ಜೋಳ ತಿಂದು ಊರು ನೋಡಿ ಬಂದಿ ಅಂದ. ಕೆಲವರು ಎಳೆಯನ್ನು ಇಸಕೊಂಡು ಬಾಗಿಲು ಮುಂದೆ ಮಾಡಿದರು. ಯಲಬುರ್ಗಿಯ ಕುರುಡು ಮುದುಕ ಎಳೆಯನ್ನು ಬೆರಳಿನಿಂದ ಸವರಿ ತನ್ನ ಗಂಟು ಅದೇ ಎಂದು ಗುರುತು ಹಿಡಿದು, "ಇರ್ಲಿ. ಮತ್ತ ಹೋಗ್ತಿಯಲ್ಲ" ಎಂದು ಹಿಂದಕ್ಕೆ ಕೊಟ್ಟ. ಹೆಚ್ಚಿನವರು ಹಾಗೆಯೇ ಅಂದರು. ಇರಲಿ.

ಸಂಘದವರಿಗೆ ಸಿಟ್ಟು ಬಂತು. ಅವರು ಪೇಟೆಯಲ್ಲಿ ಪರಿಷತ್ತು ಭಾರೀ ಆಯಿತೆಂದು ಹೇಳುತ್ತಿದ್ದರೆ, ಈಕೆ ಓಣಿಓಣಿಯಲ್ಲಿ ಆಗಲಿಲ್ಲವೆಂದು ಸಾರುತ್ತಿದ್ದಳಲ್ಲ. ಸಂಘದ ಹಿರಿಯನಂತೂ ಆಕೆಯ ಬಾಗಿಲಿಗೇ ಬಂದು, ಎಂಟು ಮಂದಿ ಗಂಡಸರ ಮಾನ ಕಳೆದಿ ಎಂದು ಕೂಗಾಡಿದ. ಆಕೆ ಗಂಟನ್ನು ಗೂಟಕ್ಕೆ ಹಾಕಿ, ಅವನಿಗೆ ಕುಡಿಯಲು ನೀರು ತಂದುಕೊಟ್ಟಳು. ನೀರು ಕುಡಿದು ಹೋದ. ಮುಂದೆ ಬಹಳ ದಿನ ಸಂಘ ಆ ಪಡಸಾಲೆಯಲ್ಲಿ ಕೂಡಲಿಲ್ಲ.

ಮತ್ತೆ ಹೋಗುವ ದಿನ ಬರಲಿಲ್ಲ. ಯುದ್ಧ ಮುಗಿಯಿತು, ನೂಲು ಬರಲಿಲ್ಲ. ಆಮೇಲೆ ರಜಾಕಾರರ ಹಾವಳಿ, ಊರು ಬಿಟ್ಟು ಗಡಿಯಾಚೆ ಗಜೇಂದ್ರಗಡದ ಕಡೆ ಓಡಿದ ದಿನಗಳು. ನಾನು ಮನೆಯ ಹಿತ್ತಾಳೆ ಹಂಡೆಯನ್ನು ಹೊತ್ತುಕೊಂಡು ಓಡಿದೆ, ಹೆಂಡತಿ ಇಂದಿಗೂ ಆಡಿಕೊಳ್ಳುತ್ತಾಳೆ. ದೊಡ್ಡವ್ವ ಕೊರಳಿಗೆ ಆ ಗಂಟು ಹಾಕಿಕೊಂಡು ಬಂದಿದ್ದಳು. ಬೇರೇನೂ ತಂದಿರಲಿಲ್ಲ. ನಿಜಾಮರ ರಾಜ್ಯ ಮುಗಿದಮೇಲೆ ತಿರುಗಿ ಬಂದೆವು. ಆಕೆಯ ಕಾಲು ಬಾತು ನಡೆಯಲಾಗದಂತಾಯಿತು. ಕಡೆಯ ದಿನಗಳಲ್ಲಿ ನಾನು ಹೋಗಿ ಕುಳಿತರೆ ಬಲಗೈ ಎತ್ತಿ ಅಂಗೈ ನೋಡಿಕೊಳ್ಳುವಳು, ಏನೂ ಅನ್ನುತ್ತಿರಲಿಲ್ಲ. ಏನಾದರೂ ಕೇಳಿಯಾಳೆಂದು ಹೆದರಿ ನಾನು ಹವೆಯ ಮಾತು ಆಡಿ ಎದ್ದು ಬರುತ್ತಿದ್ದೆ.

ಈಗ ಹುಬ್ಬಳ್ಳಿಯಲ್ಲಿ ನೇಕಾರರ ಪರಿಷತ್ತಂತೆ. ಈ ಸಲ ಗಡಿಯಿಲ್ಲ, ಇಜಾಜತ್ ಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದಂತೆ. ಅಂದರೆ ಉರ್ದು ಬಲ್ಲವನ ಅಗತ್ಯವೂ ಇಲ್ಲ. ಇದನ್ನು ನಾನು ದೊಡ್ಡವ್ವನ ಸೊಸೆಗೆ ಹೋದ ವಾರವೇ ವಿವರಿಸಿದ್ದೆ.

ಇವತ್ತು ಸಂತೆ. ಇಲ್ಲಿಯ ತನಕ ಬರೆದಿಟ್ಟಾಗ ಆಕೆ ಬಂದಳು. ಹೊಸ್ತಿಲ ಹೊರಗೆ, ಅತ್ತೆ ನಿಲ್ಲುತ್ತಿದ್ದ ಹಾಗೆಯೇ ನಿಂತಳು.

"ವಿಚಾರ ಮಾಡಿದ್ರೇನ್ರಿ ಮಾವಾರ?"

ಸಂಘದಲ್ಲಿ ಎಷ್ಟು ಜನ ಗಟ್ಟಿಗರಿದ್ದಾರೆ, ಮಾತುಗಾರರಿದ್ದಾರೆ ಅಂದೆ. ಒಂದೆರಡು ಹೆಸರನ್ನೂ ಹೇಳಿದೆ. ಆಕೆ ಅಲ್ಲಗಳೆಯಲಿಲ್ಲ. ಹಾಗಾದರೆ ದೊಡ್ಡವ್ವ ಸಾಯುವ ಮುಂಚೆ ಗಂಟು ಒಯ್ಯಲು ನನ್ನ ಹೆಸರನ್ನೇ ಯಾಕೆ ಹೇಳಿದಳು ಎಂದು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ, ಸಿಟ್ಟಾಗಬಾರದು ಎಂದು ಮೊದಲೇ ಮಾತು ತಗೊಂಡಳು.

"ನಾನೂ ಕೇಳಿದ್ನಿರಿ, ಅವರೊಬ್ರು ಅಂಜುಬುರುಕ ಅದಾರಲ್ಲ ಅತ್ತಿ ಅಂತ. 'ಅದಕ್ಕs ಅಂವಗ ಕೊಡು. ಅಂಜಾಂವ ಗಂಟು ಕೆಳಗ ಇಡಂಗಿಲ್ಲ' ಅಂದ್ರು."

ಗುಂತಕಲ್ಲಿನ ಆ ನೂಕುನುಗ್ಗಲು ನೆನಪಾಯಿತು. ಗಂಟಿನೊಳಗೆ ಉಳಿದ ಎಳೆಗಳಲ್ಲಿ ಯಾವುದು ಯಾವ ಮನೆಯದು, ಏನು ಹೇಳಿ ಕೊಟ್ಟದ್ದು, ನನಗೆ ಒಂದೊಂದೂ ಬಾಯಿಗೆ ಬರುತ್ತದೆ. ಚಿಂತೆ ಮಾಡುವವನಿಗೆ ಮರೆಯುವ ಪುಣ್ಯವಿಲ್ಲ. ಯಲಬುರ್ಗಿಯ ಮುದುಕ ಈಗಿಲ್ಲ. ಅವನ ಮಾತಿದೆ.

ಬಲಗೈ ಎತ್ತಿ ಅಂಗೈ ನೋಡಿಕೊಂಡೆ. ತುಂಬ ಮಸಿಯಾಗಿತ್ತು. ಹಿತ್ತಲಿಗೆ ಹೋಗಿ ತಿಕ್ಕಿ ತೊಳೆದುಕೊಂಡೆ. ಒದ್ದೆ ಕೈಯಿಂದ ಜಾರೀತೆಂದು ಧೋತರಕ್ಕೆ ಎರಡು ಸಲ ಒರೆಸಿಕೊಂಡೆ. ಬಂದು ಎರಡೂ ಕೈ ಚಾಚಿ ನಿಂತೆ.

ಆಕೆ ಒಳಗೆ ಬಂದು ಗೂಟದಿಂದ ಗಂಟು ಇಳಿಸಿದಳು.